ಟ್ರಾಲಿ ಪೈಪು: ಸಂಕ್ರಾಂತಿಯಿಂದ ಮುಂದೂಡಿದ ಕೆಲಸ

ಹದಿನೈದು ದಿನ ಆತು ಏನೂ ಬರೆದಿದ್ದಿಲ್ಲ. ಗೊಬ್ಬರ ಹೊಡಿಯೋ ಕೆಲಸ ನಡೆದಿತ್ತು. ಇವತ್ತು ಬರಿಯೋದು ಒಂದು ಪೈಪಿನ ವಿಷಯ. ಸ್ವಲ್ಪ ಉದ್ದ ಆಗ್ತದ, ಆದ್ರೂ ಪೂರ್ತಿ ಓದ್ರಿ. ಜಾಕ್ ಟ್ರಾಲಿ ಇದ್ದವರು ಎರಡು ಸಲ ಓದ್ರಿ.

ಮೊನ್ನೆ ಮಂಗಳವಾರ ಮಧ್ಯಾಹ್ನ. ಮೇ ತಿಂಗಳ ಬಿಸಿಲು, ನಮ್ಮ ಕಡೆ 42, 43 ಅಂದ್ರ ಹೊಸದಲ್ಲ. ರೋಹಿಣಿ ಮಳಿ ಕೂಡೋದ್ರೊಳಗ ತಿಪ್ಪಿ ಗೊಬ್ಬರ ಎಲ್ಲ ಹತ್ತಿ ಹೊಲಕ್ಕ ಹಾಕಿ ಮುಗಿಸಬೇಕಂತ ಬೆಳಿಗ್ಗಿಯಿಂದ ಏಳನೇ ಟ್ರಿಪ್ಪು. ಟ್ರಾಕ್ಟರ್ ಮ್ಯಾಲೆ ನಾನು, ಕೆಳಗೆ ನಮ್ಮ ತಮ್ಮನ ಮಗ. ತಮ್ಮ ಬೆಂಗಳೂರಿನಾಗ ಬಿಲ್ಡಿಂಗ್ ಕೆಲಸಕ್ಕ ಇದ್ದಾನ, ಹುಡುಗನ್ನ ನನ್ನ ಕೈಗೆ ಒಪ್ಪಿಸಿ ಹೋಗ್ಯಾನ. ಹತ್ತೊಂಬತ್ತು ವರ್ಷ ಅವನಿಗೆ.

ಟ್ರಾಲಿ ಎತ್ತಿದೆ. ಹಿಂದಿನ ಅರ್ಧ ಗೊಬ್ಬರ ಜಾರಿ ಬಿತ್ತು, ಮುಂದಿನ ಅರ್ಧ ಹಸಿ ಇದ್ದಿದ್ದಕ್ಕ ಹಂಗೇ ಅಂಟಿಕೊಂಡು ಕುಂತಿತ್ತು. ಅಷ್ಟ್ರಾಗ ಕೆಳಗೆ ಎಣ್ಣಿ ತೊಟ್ಟಿಕ್ಕೋದು ಕಂಡಿತು. ಹಿಂದಿನ ದಿನಕ್ಕಿಂತ ಜಾಸ್ತಿ. ನಾನು ಸೀಟಿನ ಮ್ಯಾಲಿಂದಾನೇ ಕೂಗಿ ಹೇಳಿದೆ:

"ಲೇ ತಮ್ಮಾ, ಎಲ್ಲಿಂದ ಸೋರ್ತದ ಒಳಗ ಬಗ್ಗಿ ನೋಡು. ಕಾಣ್ಲಿಲ್ಲಂದ್ರ ಪೈಪಿನ ಮ್ಯಾಲೆ ಕೈ ಆಡ್ಸಿ ನೋಡು."

ಈ ಮಾತು ನಾನು ಹೇಳಿದ್ದು. ಹುಡುಗ ತಾನಾಗಿ ಹೋಗಿದ್ದಲ್ಲ. ಇದನ್ನ ಮೊದಲೇ ಬರೆದುಬಿಡ್ತೀನಿ.

ಅವನು ಎತ್ತಿದ ಟ್ರಾಲಿಗೂ ಚಾಸಿಗೂ ನಡುವೆ ತಲಿ ಹಾಕಿ, ಒಂದು ಕೈ ಚಾಸಿ ಮ್ಯಾಲೆ ಊರಿ ನೋಡಾಕತ್ತಿದ. ಇಂಜಿನ್ ಚಾಲೂ ಇತ್ತು. ನೆತ್ತಿ ಬೆವರು ಕಣ್ಣಿಗೆ ಇಳಿದು ಉರಿ ಹತ್ತಿತಂತ. "ದೊಡ್ಡಪ್ಪಾ, ಟವಲ್ ಕೊಡು" ಅಂದ. ಟವಲ್ ಮಡ್‌ಗಾರ್ಡ್ ಮ್ಯಾಲೆ ಇತ್ತು. ನಾನು ಕೊಡೋದ್ರೊಳಗ ಅವನೇ ಹೊರಗೆ ಬಂದು, ನಾಲ್ಕು ಹೆಜ್ಜಿ ನಡೆದು, ಟವಲ್ ತಗೊಂಡ. ಮುಖ ಒರೆಸಿಕೊಳ್ತಿದ್ದಾಗ ಫಟ್ ಅಂತ ಸಪ್ಪಳ ಆತು. ಎಣ್ಣಿ ಫವಾರದಂಗ ಹಾರಿತು. ಟ್ರಾಲಿ ಅರ್ಧ ಲೋಡಿನ ಸಮೇತ ಚಾಸಿ ಮ್ಯಾಲೆ ಬಿತ್ತು. ನೆಲ ನಡುಗಿದ್ದು ಟ್ರಾಕ್ಟರ್ ಸೀಟಿಗೆ ಗೊತ್ತಾತು.

ಇಂಜಿನ್ ಬಂದ್ ಮಾಡಿ ಕೆಳಗೆ ಇಳಿದೆ. ಇಬ್ಬರೂ ಮಾತಾಡಲಿಲ್ಲ. ಅವನು ಕೈ ಊರಿದ್ದ ಜಾಗ ನೋಡಿದೆ. ಕಬ್ಬಿಣಕ್ಕ ಕಬ್ಬಿಣ ಕೂತಿತ್ತು, ನಡುವೆ ಬೆರಳು ತೂರಿಸಾಕ ಜಾಗ ಇದ್ದಿಲ್ಲ.

ಈಗ ಆ ಪೈಪಿನ ಕತಿ ಹೇಳ್ತೀನಿ. ಅದು ಒಂದೇ ದಿನಕ್ಕ ಒಡೆದಿದ್ದಲ್ಲ. ಸಂಕ್ರಾಂತಿ ಟೈಮಿಗೆ ಭತ್ತ ಸಾಗಿಸುವಾಗಲೇ ಅದರ ಮ್ಯಾಲಿನ ರಬ್ಬರು ಒಂದು ಕಡೆ ಉಜ್ಜಿ ಹೋಗಿ ಒಳಗಿನ ತಂತಿ ಕಂಡಿತ್ತು. ಚಾಸಿಯ ಒಂದು ಚಾನಲ್ ಅಂಚಿಗೆ ಪೈಪು ತಾಗ್ತಿತ್ತು, ಟ್ರಾಲಿ ಏಳುವಾಗ ಇಳಿಯುವಾಗ ಅಲ್ಲೇ ತಿಕ್ಕಾಡ್ತಿತ್ತು. ಫೆಬ್ರವರಿಯಾಗ ಅಲ್ಲಿ ತಂತಿ ತುಕ್ಕು ಹಿಡೀತು. ನಾನು ಸೈಕಲ್ ಟ್ಯೂಬ್ ಕತ್ತರಿಸಿ ಸುತ್ತಿ ತಂತಿ ಬಿಗಿದೆ. ಯುಗಾದಿ ಆದ ಮ್ಯಾಲೆ ಆ ಟ್ಯೂಬ್ ಒಳಗಿಂದ ಎಣ್ಣಿ ಒಸರಾಕ ಶುರು ಆತು, ಧೂಳು ಹತ್ತಿ ಕರ್ರಗ ಕೆಸರಾತು. ಅದಕ್ಕ ನಾನು ಮಾಡಿದ್ದೇನು? ಹದಿನೈದು ದಿನಕ್ಕೊಮ್ಮೆ ಎಣ್ಣಿ ಹಾಕಿದೆ. "ಈ ಗೊಬ್ಬರ ಒಂದು ಮುಗೀಲಿ" ಅಂದೆ. ಅದಕ್ಕಿಂತ ಮೊದಲು "ಈ ಭತ್ತ ಒಂದು ಮುಗೀಲಿ" ಅಂದಿದ್ದೆ.

ಪೈಪಿನ ಒಳಗ ಏನದ ಅಂತ ಒಡೆದ ಮ್ಯಾಲೆ ಕೊಯ್ದು ನೋಡಿದೆ. ಒಳಗೊಂದು ಎಣ್ಣಿ ತಡೆಯೋ ರಬ್ಬರಿನ ಕೊಳವಿ. ಅದರ ಮ್ಯಾಲೆ ಜಡಿ ಹೆಣೆದಂಗ ಉಕ್ಕಿನ ತಂತಿ, ನಮ್ಮದರಾಗ ಎರಡು ಪದರು. ಅದರ ಮ್ಯಾಲೆ ಇನ್ನೊಂದು ರಬ್ಬರು. ಪ್ರೆಶರ್ ತಡೆಯೋದು ತಂತಿ, ರಬ್ಬರಲ್ಲ. ಹೊರಗಿನ ರಬ್ಬರು ಇರೋದು ತಂತಿಗೆ ನೀರು, ಧೂಳು ಹತ್ತದಂಗ ಕಾಯಾಕ. ಹೊರಗಿನ ರಬ್ಬರು ಹೋಯ್ತು ಅಂದ್ರ ತಂತಿಗೆ ತುಕ್ಕು, ಒಂದೊಂದೇ ಎಳಿ ಕಡೀತಾ ಹೋಗ್ತದ. ಸೈಕಲ್ ಟ್ಯೂಬ್ ಸುತ್ತಿದ್ರ ತಂತಿ ಕೂಡಿಕೊಳ್ಳಲ್ಲ. ನಾ ಸುತ್ತಿದ್ದು ಗಾಯ ಕಾಣದಂಗ ಮುಚ್ಚಿತು, ಅಷ್ಟೇ.

ಪ್ರೆಶರ್ ಎಷ್ಟು ಅಂತ ಒಂದು ಲೆಕ್ಕ ಹೇಳ್ತೀನಿ. ಟ್ರಾಕ್ಟರಿನ ಹಿಂದಿನ ದೊಡ್ಡ ಟೈರಿಗೆ ನಾವು ಗಾಳಿ ಹಾಕೋದು ಸುಮಾರು 15 ಪೌಂಡ್. ಹೈಡ್ರಾಲಿಕ್ ಪೈಪಿನಾಗ ಪೂರ್ತಿ ಲೋಡ್ ಎತ್ತುವಾಗ 150 ಬಾರ್ ತನಕ, ಕೆಲವು ಟ್ರಾಕ್ಟರಿನಾಗ ಅದಕ್ಕೂ ಜಾಸ್ತಿ ಬರ್ತದ. 150 ಬಾರ್ ಅಂದ್ರ 2,000 ಪೌಂಡ್ ಮ್ಯಾಲೆ. ಅಷ್ಟು ಜೋರಿನ ಎಣ್ಣಿ ಸೂಜಿ ಮೊನಿಯಷ್ಟು ತೂತಿನಿಂದ ಹೊರಗೆ ಬಂದ್ರ ಕಣ್ಣಿಗೂ ಕಾಣಲ್ಲ, ಆದ್ರ ಚರ್ಮ ತೂರಿ ಒಳಗೆ ಹೋಗ್ತದ.

ಎರಡು ವರ್ಷದ ಹಿಂದೆ ನಮ್ಮ ಗದ್ದಿ ಭತ್ತ ಕೊಯ್ಯಾಕ ಬಂದ ಮಷಿನ್ ಆಪರೇಟರಿಗೆ ಎಡಗೈ ತೋರುಬೆರಳು ಅರ್ಧಾನೇ ಇತ್ತು. ಬೆಲ್ಟಿಗೆ ಸಿಕ್ಕಿತೇನಪ್ಪಾ ಅಂತ ಕೇಳಿದ್ದೆ. ಇಲ್ಲ, ಪೈಪ್ ಸೋರಿಕಿ ಕೈಲೆ ಮುಟ್ಟಿ ನೋಡಿದ್ದಕ್ಕ ಅಂತ ಹಿಂದಿಯಾಗ ಹೇಳಿದ. ಮೊದಲು ಮುಳ್ಳು ಚುಚ್ಚಿದಷ್ಟೇ ಇತ್ತಂತ, ನೋವು ಕೂಡ ಇದ್ದಿಲ್ಲಂತ. ಕೆಲಸ ಮುಗಿಸಿ ಮಲಗ್ಯಾನ. ಬೆಳಿಗ್ಗಿ ಕೈ ಬಾತು ಕರ್ರಗಾಗಿತ್ತು. ಒಳಗೆ ಹೋದ ಎಣ್ಣಿ ಮಾಂಸ ಸಾಯಿಸ್ತದ, ತಾಸು ಎರಡು ತಾಸಿನಾಗ ಡಾಕ್ಟರ್ ಹತ್ರ ಹೋಗಿ ಕೊಯ್ದು ತೆಗೆಸಬೇಕು, ತಡ ಆದ್ರ ಬೆರಳು, ಕೈ ಹೋಗ್ತದ. ಇದನ್ನ ನಾನು ಅವನ ಬಾಯಿಂದ ಕೇಳಿದ್ದೆ, ಆ ಬೆರಳು ಕಣ್ಣಾರೆ ನೋಡಿದ್ದೆ. ಅಷ್ಟಾದ್ರೂ ಮಂಗಳವಾರ ನಮ್ಮ ಹುಡುಗನಿಗೆ "ಕೈ ಆಡ್ಸಿ ನೋಡು" ಅಂದೆ. ಯಾಕಂದ್ರ ಮೂವತ್ತು ವರ್ಷದಿಂದ ನಾನೂ ಹಂಗೇ ನೋಡ್ಕೋತ ಬಂದೀನಿ.

ಅವತ್ತು ಸಾಯಂಕಾಲ ಉಳಿದ ಗೊಬ್ಬರ ಸಲಿಕಿಯಿಂದ ಇಳಿಸಿದ್ವಿ. ಹೊಸ ಪೈಪಿನ ಹುಡುಕಾಟ ಮರುದಿನ ಶುರು. ಇಲ್ಲೂ ನಾನು ತಪ್ಪು ಮಾಡಿದೆ, ಅದನ್ನೂ ಹೇಳ್ತೀನಿ.

ಮೊದಲು ದೇವದುರ್ಗಕ್ಕ ಹೋದೆ. ಅಲ್ಲಿ ನಾನು ಕೇಳಿದ ಅಂಗಡಿಯಾಗ ಸಣ್ಣ ಸೈಜ್ ಇತ್ತು, ನಮ್ಮ ಅರ್ಧ ಇಂಚಿನದು ಇದ್ದಿಲ್ಲ. ಅಲ್ಲಿಂದ ಗಾಡಿ ತಿರುಗಿಸಿ ಸಿರವಾರ ಮ್ಯಾಲೆ ಮಾನ್ವಿಗೆ ಹೋದೆ. ಹಳೇ ಪೈಪು ಒಯ್ದಿದ್ದಿಲ್ಲ. ಎಣ್ಣಿ ಸೋರಿ ಬಟ್ಟಿ ಕೆಡ್ತದ ಅಂತ ಮನಿಯಾಗೇ ಬಿಟ್ಟು, ಉದ್ದಕ್ಕ ಒಂದು ದಾರ ಹಿಡಿದು ಗಂಟು ಹಾಕಿಕೊಂಡು, ನಟ್ಟಿನ ಫೋಟೋ ಮೊಬೈಲಿನಾಗ ತಗೊಂಡು ಹೋಗಿದ್ದೆ. ಅಂಗಡಿಯವರು ಫೋಟೋ ನೋಡಿ ರೆಡಿ ಪೈಪು ಒಂದು ಕೊಟ್ಟರು. ಅವರ ತಪ್ಪಲ್ಲ, ಫೋಟೋದಾಗ ನಟ್ಟಿನ ಹಲ್ಲು ಹೆಂಗ ಎಣಿಸ್ತಾರ?

ಮನಿಗೆ ಬಂದು ಹಾಕಿದ್ರ ನಟ್ಟು ಎರಡು ಸುತ್ತು ಆರಾಮ ಹೋತು, ಮೂರನೇ ಸುತ್ತಿಗೆ ಗಟ್ಟಿ. ಹೊಸದು, ಬಿಗಿ ಇರ್ತದ ಅಂತ ದೊಡ್ಡ ಪಾನಾ ತಗೊಂಡೆ. ಅದಕ್ಕೊಂದು ಕಬ್ಬಿಣದ ಪೈಪು ಸಿಗಿಸಿ ಜಗ್ಗಾಕ ನಿಂತೆ. ಹುಡುಗ ನನ್ನ ಕೈ ಹಿಡಿದ.

"ದೊಡ್ಡಪ್ಪಾ, ಬ್ಯಾಡ. ಜಾಕಿನ ಹಲ್ಲು ಹೋದ್ರ ಜಾಕೇ ಹೋತು."

ನಿಲ್ಲಿಸಿದೆ. ಹಿಂದಿನ ದಿನ ನನ್ನ ಮಾತು ಕೇಳಿ ಅವನು ಒಳಗ ಬಗ್ಗಿದ್ದ, ಇವತ್ತು ಅವನ ಮಾತು ನಾ ಕೇಳಬೇಕಿತ್ತು.

ಗುರುವಾರ ಬೆಳಿಗ್ಗಿ ಬಸ್ಸಿಗೆ ರಾಯಚೂರಿಗೆ ಹೊಂಟೆ. ಈ ಸಲ ಒಡೆದ ಹಳೇ ಪೈಪು, ಮಾನ್ವಿಯಿಂದ ತಂದ ಹೊಸ ಪೈಪು ಎರಡೂ ಯೂರಿಯಾ ಚೀಲದಾಗ ಸುತ್ತಿ ಒಯ್ದೆ. ಗಬ್ಬೂರು ದಾಟಿ ಹೋಗೋ ತನಕ ಚೀಲ ಕಾಲಾಗ ಇಟ್ಕೊಂಡು ಕುಂತಿದ್ದೆ. ಹತ್ತಿ ಮಾರಾಕ ರಾಜೇಂದ್ರ ಗಂಜಿಗೆ ಹೋಗೋ ದಾರಿ ನಮಗೆಲ್ಲ ಗೊತ್ತು. ಗಂಜ್ ಕಡೆ ಇಳಿದು ಕೇಳ್ತಾ ಕೇಳ್ತಾ ಪೈಪ್ ಪ್ರೆಸ್ ಮಾಡೋ ಅಂಗಡಿ ಹುಡುಕಿದೆ. ಜೆಸಿಬಿ, ಭತ್ತ ಕೊಯ್ಯೋ ಮಷಿನ್ ಪೈಪು ಅಲ್ಲೇ ಮಾಡಿಕೊಡ್ತಾರ.

ಅಲ್ಲಿ ಕುಂತಿದ್ದವರು ನನಗಿಂತ ವಯಸ್ಸಿನಾಗ ದೊಡ್ಡವರು. ಹಳೇ ಪೈಪಿನ ಮ್ಯಾಲಿನ ಮಣ್ಣು ಒರೆಸಿ ಮೊದಲು ಅದರ ಮ್ಯಾಲೆ ಬರೆದಿದ್ದು ಓದಿದರು. ಇಷ್ಟು ವರ್ಷ ನಾನು ಅದನ್ನ ಓದೇ ಇದ್ದಿಲ್ಲ. ನೀವೂ ಇವತ್ತು ನಿಮ್ಮ ಪೈಪು ಒರೆಸಿ ಓದ್ರಿ. ಆರ್1 ಅಂತ ಇದ್ರ ತಂತಿ ಒಂದು ಪದರು, ಆರ್2 ಅಂತ ಇದ್ರ ಎರಡು ಪದರು. ಕೆಲವದ್ರ ಮ್ಯಾಲೆ 1ಎಸ್‌ಎನ್, 2ಎಸ್‌ಎನ್ ಅಂತ ಇರ್ತದ, ಅದೂ ಪದರಿನ ಲೆಕ್ಕಾನೇ. ಅರ್ಧ ಇಂಚಿನ ಪೈಪಿಗೆ 1ಎಸ್‌ಎನ್ ಆದ್ರ 160 ಬಾರ್, 2ಎಸ್‌ಎನ್ ಆದ್ರ 275 ಬಾರ್ ತನಕ ಕೆಲಸಕ್ಕ ಬರ್ತದ. ಪೈಪು ತಯಾರಾದ ವರ್ಷವೂ ಬರೆದಿರ್ತಾರ. 3ಕ್ಯೂ21 ಅಂತ ಇದ್ರ 2021ನೇ ವರ್ಷದ ಮೂರನೇ ಮೂರು ತಿಂಗಳು, ಅಂದ್ರ ಜುಲೈಯಿಂದ ಸೆಪ್ಟೆಂಬರ್. ಹೊಸದು ಅಂತ ಕೊಟ್ಟಿದ್ದು ಐದಾರು ವರ್ಷ ಅಂಗಡಿಯಾಗ ಬಿದ್ದಿದ್ದೂ ಇರ್ಬಹುದು, ಅದಕ್ಕ ವರ್ಷ ನೋಡಿ ತಗೋರಿ.

ಆಮೇಲೆ ನಟ್ಟಿಗೆ ಹಲ್ಲಿನ ಗೇಜ್ ಹಿಡಿದರು. ನಮ್ಮ ಹಳೇದು ಮಿಲಿಮೀಟರ್ ಲೆಕ್ಕದ್ದು, ಹಲ್ಲಿನಿಂದ ಹಲ್ಲಿಗೆ ಒಂದೂವರೆ ಮಿಲಿಮೀಟರ್. ನಾ ಮಾನ್ವಿಯಿಂದ ತಂದಿದ್ದು ಇಂಚಿನ ಲೆಕ್ಕದ್ದು, ಇಂಚಿಗೆ 14 ಹಲ್ಲು, ಅಂದ್ರ ಹಲ್ಲಿನಿಂದ ಹಲ್ಲಿಗೆ ಸುಮಾರು 1.8 ಮಿಲಿಮೀಟರ್. ದಪ್ಪ ಹೆಚ್ಚುಕಮ್ಮಿ ಒಂದೇ, ಕಣ್ಣಿಗೆ ಗೊತ್ತೇ ಆಗಲ್ಲ. ಅದಕ್ಕೇ ಎರಡು ಸುತ್ತು ಹೋಗಿ ನಿಂತಿತ್ತು. ನಾ ಜಗ್ಗಿದ್ರ ಜಾಕಿನ ಹಲ್ಲು ಕಿತ್ತು ಬರ್ತಿತ್ತು.

ಉದ್ದದ ಮಾತು ಬಂತು. ಹಳೇದರಷ್ಟೇ ಮಾಡಿಕೊಡ್ರಿ ಅಂದೆ. ಅವರು ಕೇಳಿದರು:

"ಟ್ರಾಕ್ಟರ್ ಪೂರಾ ತಿರುವಿ ನಿಂತಾಗ ಎಷ್ಟು ಬೇಕಾಗ್ತದ್ರಿ, ಅಳತಿ ಹಿಡಿದೀರೇನು?"

ಹಿಡಿದಿದ್ದಿಲ್ಲ. ಹಳೇ ಪೈಪು ಹಿಂದೊಮ್ಮೆ ತುದಿಯಾಗ ಸೋರಿದಾಗ ಅಷ್ಟು ಕತ್ತರಿಸಿ ಮತ್ತೆ ಪ್ರೆಸ್ ಮಾಡಿಸಿದ್ದೆ. ಅವತ್ತಿನಿಂದ ಅದು ಗಿಡ್ಡ ಆಗಿತ್ತು. ತಿರುವಿದಾಗೆಲ್ಲ ಜಗ್ಗಿ, ಚಾನಲ್ ಅಂಚಿಗೆ ಬಿಗಿಯಾಗಿ ಒತ್ತಿ ಉಜ್ಜಿತ್ತು. ಪೈಪು ಉಜ್ಜಿದ ಕಾರಣ ಅಲ್ಲಿ ಕುಂತಾಗ ನನಗ ತಿಳೀತು. ಅಲ್ಲಿಂದಾನೇ ಹುಡುಗನಿಗೆ ಫೋನ್ ಹಚ್ಚಿದೆ. ಅವನು ಟ್ರಾಕ್ಟರ್ ಪೂರ್ತಿ ತಿರುವಿ, ಇಂಜಿನ್ ಬಂದ್ ಮಾಡಿ, ಟೇಪ್ ಹಿಡಿದು ಹೇಳಿದ. ಹಳೇದಕ್ಕಿಂತ ಒಂದಡಿ ಜಾಸ್ತಿ ಮಾಡಿಸಿದೆ. ಪ್ರೆಶರ್ ಬಂದಾಗ ಪೈಪು ಸ್ವಲ್ಪ ಗಿಡ್ಡ ಆಗ್ತದಂತ, ಹಂಗಾಗಿ ಯಾವಾಗ್ಲೂ ಸ್ವಲ್ಪ ಸಡಿಲ ಇರಬೇಕು. ಹಂಗಂತ ಮುರುಗಿ ಬಗ್ಗಿಸಲೂಬಾರದು. ಅರ್ಧ ಇಂಚಿನ ಪೈಪನ್ನ ಬಹಳ ಬಿಗಿ ಸುತ್ತಿದ್ರ ಒಳಗಿನ ತಂತಿ ಮುರೀತದ. ನಡುವಿನಿಂದ ಅಂಚಿಗೆ ಏಳು ಇಂಚು ಇರೋ ಸುತ್ತು ಬೇಕು, ಇನ್ನೂ ದೊಡ್ಡದಿದ್ರ ಒಳ್ಳೇದು.

ಪೈಪು, ಎರಡು ಕಡಿ ನಟ್ಟು, ಪ್ರೆಸ್ ಮಾಡಿದ್ದು ಎಲ್ಲ ಸೇರಿ 1,240 ರೂಪಾಯಿ. ಕೊಯ್ದ ಕಬ್ಬಿಣದ ಪುಡಿ ಒಳಗ ಉಳೀಬಾರದು ಅಂತ ಗಾಳಿ ಹೊಡೆದು, ಎರಡೂ ತುದಿಗೆ ಪ್ಲಾಸ್ಟಿಕ್ ಮುಚ್ಚಳ ಹಾಕಿಕೊಟ್ಟರು.

ಇನ್ನು ಹಾಕೋ ಕೆಲಸ. ನಾವು ಮಾಡಿದ್ದನ್ನ ಮಾಡಿದಂಗೇ ಬರೀತೀನಿ.

ಮೊದಲನೇ ಮಾತು. ಇಂಜಿನ್ ಬಂದ್ ಮಾಡಿದ್ರ ಪ್ರೆಶರ್ ಹೋಗ್ತದ ಅಂತ ಬಹಳ ಮಂದಿ ತಿಳಕೊಂಡಾರ. ಟ್ರಾಲಿ ಮ್ಯಾಲೆ ಇರೋ ತನಕ ಅದರ ಭಾರ ಎಲ್ಲ ಆ ಪೈಪಿನ ಎಣ್ಣಿ ಮ್ಯಾಲೇ ಕೂತಿರ್ತದ, ಇಂಜಿನ್ ಬಂದ್ ಇದ್ರೂ ಸೈ. ಎತ್ತಿದ ಟ್ರಾಲಿಯ ಪೈಪಿನ ನಟ್ಟು ಬಿಚ್ಚೋದು ಅಂದ್ರ ಅದರ ಕೆಳಗಿನ ಕಂಬ ಕಿತ್ತಂಗ. ಟ್ರಾಲಿ ಖಾಲಿ ಮಾಡ್ರಿ, ಪೂರ್ತಿ ಕೆಳಗೆ ಇಳಿಸ್ರಿ, ಇಂಜಿನ್ ಬಂದ್ ಮಾಡ್ರಿ, ಹೈಡ್ರಾಲಿಕ್ ಲಿವರ್ ಎರಡು ಮೂರು ಸಲ ಹಿಂದೆ ಮುಂದೆ ಆಡಿಸ್ರಿ. ಆಮೇಲೆ ಪಾನಾ ಹಿಡೀರಿ.

ಬಿಚ್ಚೋದಕ್ಕ ಮೊದಲು ಡೀಸೆಲ್ ಹಾಕಿ ನಟ್ಟಿನ ಸುತ್ತ ಒರೆಸಿದ್ವಿ. ಆ ಎಣ್ಣಿ ಗೇರ್‌ಬಾಕ್ಸಿಗೂ ಹೈಡ್ರಾಲಿಕ್ಕಿಗೂ ಒಂದೇ ಇರೋ ಟ್ರಾಕ್ಟರ್ ನಮ್ಮದು, ಒಂದು ಚಿಟಿಕಿ ಮರಳು ಒಳಗ ಹೋದ್ರೂ ಪಂಪಿಗೆ ಕೇಡು. ನೆಲದ ಮ್ಯಾಲೆ ಬಿದ್ದ ಎಣ್ಣಿ ಬುಟ್ಟಿಗೆ ತುಂಬಿ ಮತ್ತೆ ಹಾಕಬ್ಯಾಡ್ರಿ.

ಪೈಪಿನ ಉದ್ದಕ್ಕೂ ಅಕ್ಷರ ಬರೆದ ಗೆರಿ ಒಂದು ಇರ್ತದ. ಅದು ನೆಟ್ಟಗ ಇದ್ರ ಪೈಪು ತಿರುಚಿಲ್ಲ ಅಂತ ಅರ್ಥ. ಗೆರಿ ಬಳ್ಳಿ ಹಬ್ಬಿದಂಗ ಸುತ್ತಿಕೊಂಡಿದ್ರ ಸಡಿಲು ಮಾಡಿ ಮತ್ತೆ ಕೂಡಿಸ್ರಿ. ಪಾನಾ ಎರಡು ಬೇಕು, ಒಂದರಿಂದ ಪೈಪಿನ ಕಡಿ ತಿರುಗದಂಗ ಹಿಡೀಬೇಕು, ಇನ್ನೊಂದರಿಂದ ನಟ್ಟು ಬಿಗೀಬೇಕು. ನಾನು ನೀರಿನ ಪೈಪಿಗೆ ಸುತ್ತಿದಂಗ ಬಿಳಿ ಟೇಪು ಸುತ್ತಾಕ ಹೋಗಿದ್ದೆ. ರಾಯಚೂರಿನವರು ಮೊದಲೇ ಹೇಳಿದ್ದರು: ಈ ನಟ್ಟು ಕೂಡೋದು ಒಳಗಿನ ಇಳಿಜಾರು ಮೂತಿಯಿಂದ, ಹಲ್ಲಿನಿಂದ ಅಲ್ಲ, ಟೇಪಿನ ಚೂರು ಒಳಗ ಹೋಗಿ ವಾಲ್ವಿನಾಗ ಸಿಗ್ತದ. ಹಂಗಾಗಿ ಟೇಪು ಬಿಟ್ಟೆ.

ಉಜ್ಜುತ್ತಿದ್ದ ಚಾನಲ್ ಅಂಚನ್ನ ಅರದಿಂದ ತಿಕ್ಕಿ ನುಣ್ಣಗೆ ಮಾಡಿ, ಅಲ್ಲಿ ಹಳೇ ಟೈರಿನ ತುಂಡು ಕೂಡಿಸಿದ್ವಿ. ಇದು ಮಾಡದೇ ಹೊಸ ಪೈಪು ಹಾಕಿದ್ರ ಅದೇ ಜಾಗದಾಗ ಮತ್ತೆ ಉಜ್ಜತದ.

ಟ್ರಾಲಿ ಕೆಳಗಿದ್ದಾಗಲೇ ಎಣ್ಣಿ ಕಡ್ಡಿ ನೋಡಿ ಆರು ಲೀಟರ್ ಹಾಕಿದೆ. ಖಾಲಿ ಟ್ರಾಲಿ ಸ್ವಲ್ಪ ಎತ್ತಿ ಇಳಿಸಿ, ಎತ್ತಿ ಇಳಿಸಿ, ಐದು ಸಲ ಮಾಡಿದ ಮ್ಯಾಲೆ ಒಳಗಿನ ಗಾಳಿ ಹೋಗಿ ಜರ್ಕು ನಿಂತಿತು. ಮತ್ತೆ ಎಣ್ಣಿ ನೋಡಿದೆ. ಸೋರಿಕಿ ನೋಡಾಕ ಬೀಜದ ಡಬ್ಬಿಯ ರಟ್ಟು ಕತ್ತರಿಸಿ ಒಂದು ಉದ್ದ ಕಡ್ಡಿಗೆ ಕಟ್ಟಿ ನಟ್ಟಿನ ಹತ್ರ ದೂರದಿಂದ ಹಿಡಿದ್ವಿ. ಸೋರಿದ್ರ ರಟ್ಟಿನ ಮ್ಯಾಲೆ ಕಲಿ ಕಾಣ್ತದ. ಕಾಣ್ಲಿಲ್ಲ.

ಮಂಗಳವಾರ ರಾತ್ರಿಯೇ ತಮ್ಮನಿಗೆ ಫೋನ್ ಮಾಡಿ ನಡೆದಿದ್ದು ಹೇಳಿದ್ದೆ. ಹೇಳೋದು ಬ್ಯಾಡ ಅಂತ ನಮ್ಮಾಕಿ ಅಂದಳು, ಹೆದರ್ತಾನ ಅಂತ. ಆದ್ರ ಹುಡುಗ ತಾನೇ ಹೇಳೋಕ್ಕಿಂತ ನಾನು ಹೇಳೋದು ಸರಿ ಅನಿಸ್ತು. "ನಾನೇ ಒಳಗ ಬಗ್ಗು ಅಂದಿದ್ದೆ" ಅಂತ ಅದನ್ನೂ ಹೇಳಿದೆ. ತಮ್ಮ ಬಹಳ ಹೊತ್ತು ಸುಮ್ನಿದ್ದ. ಆಮೇಲೆ ಅಂದ:

"ಅಣ್ಣಾ, ಇಲ್ಲಿ ಎತ್ತಿದ ಬಕೆಟ್ ಕೆಳಗೆ ಯಾರರ ಹೋದ್ರ ಅವತ್ತಿನ ಪಗಾರ ಕಟ್ ಮಾಡ್ತಾರ. ಸಿಟ್ಟು ಬರ್ತಿತ್ತು ನನಗ. ಅಲ್ಲಿ ಯಾರು ಮಾಡ್ತಾರ ಕಟ್?"

ನನಗ ಉತ್ತರ ಬರ್ಲಿಲ್ಲ. ನಮ್ಮ ಹೊಲದಾಗ ಸಾಹುಕಾರನೂ ನಾವೇ, ಡ್ರೈವರೂ ನಾವೇ, ಮೇಸ್ತ್ರಿಯೂ ನಾವೇ. ಬ್ಯಾಡ ಅನ್ನೋರು ಯಾರೂ ಇಲ್ಲ. ಜೊತಿಗಿದ್ದ ಹುಡುಗರು ನಾವು ಹೇಳಿದ್ದೇ ಸರಿ ಅಂತ ತಿಳೀತಾರ, ಮರ್ಯಾದಿಗೆ ಎದುರು ಮಾತಾಡಲ್ಲ.

ಶುಕ್ರವಾರ ದೇವದುರ್ಗದ ವೆಲ್ಡಿಂಗ್ ಅಂಗಡಿಯಾಗ ಟ್ರಾಲಿಗೆ ಒಂದು ಕಬ್ಬಿಣದ ಟೇಕು ಮಾಡಾಕ ಹೇಳಿ ಬಂದೀನಿ. ಮ್ಯಾಲಿನ ತುದಿ ಟ್ರಾಲಿಗೆ ಪಿನ್ನಿನಿಂದ ಕೂಡಿರ್ತದ, ಎತ್ತಿದಾಗ ಇಳಿಬಿಟ್ಟು ಕೆಳಗಿನ ತುದಿ ಚಾಸಿ ಮ್ಯಾಲೆ ಕೂಡಿಸೋದು. ಅದು ಬರೋ ತನಕ ಒಂದು ದಪ್ಪ ಬೇವಿನ ತುಂಡು ಅಳತಿಗೆ ಕೊಯ್ಸಿ, ಸರಪಳಿ ಹಾಕಿ ಟ್ರಾಲಿಗೇ ಕಟ್ಟೀವಿ. ಬೇರೆ ಕಡೆ ಇಟ್ರ ಅವಸರದಾಗ ತರಲ್ಲ, ನನ್ನ ಸ್ವಭಾವ ನನಗ ಗೊತ್ತದ. ಟೇಕು ಕೊಡೋದು ಖಾಲಿ ಟ್ರಾಲಿಗೆ, ಗ್ರೀಸ್ ಹೊಡಿಯೋ, ನಟ್ಟು ನೋಡೋ ಕೆಲಸಕ್ಕ. ಲೋಡ್ ಇದ್ದಾಗ ಟೇಕು ಇದ್ರೂ ಕೆಳಗೆ ಹೋಗೋದಿಲ್ಲ ಅಂತ ಇಬ್ಬರೂ ಮಾತಾಡಿಕೊಂಡೀವಿ. ಗೊಬ್ಬರ ಅಂಟಿಕೊಂಡ್ರ ಇಳಿಸಿ, ಮ್ಯಾಲೆ ಹತ್ತಿ ಸಲಿಕಿಯಿಂದ ಕೆದರೋದು. ತಡ ಆದ್ರ ಆಗ್ಲಿ.

ನಿನ್ನೆ ಶನಿವಾರ ಮತ್ತೆ ಗೊಬ್ಬರ ಶುರು ಮಾಡಿದ್ವಿ. ಮೂರು ದಿನ ಕೆಲಸ ನಿಂತಿತ್ತು, ಇನ್ನೂ ಹತ್ತು ಹನ್ನೆರಡು ಟ್ರಿಪ್ಪು ಅದ, ಮೋಡ ಕಟ್ಟಾಕತ್ಯಾವ. ಕೊನೇ ಟ್ರಿಪ್ಪು ಸುರುವಿದ ಮ್ಯಾಲೆ ಹಿಂದಿನ ಪಿನ್ನಿಗೆ ಗ್ರೀಸ್ ಹೊಡೀಬೇಕಿತ್ತು. ಖಾಲಿ ಟ್ರಾಲಿ ಎತ್ತಿ ಇಂಜಿನ್ ಬಂದ್ ಮಾಡಿದೆ. ನಾನು ಕೆಳಗೆ ಇಳಿಯೋದ್ರೊಳಗ ಹುಡುಗ ಸರಪಳಿ ಬಿಚ್ಚಿ ಬೇವಿನ ತುಂಡು ನಿಲ್ಲಿಸಿ, ಕಾಲಿಂದ ಒದ್ದು ಗಟ್ಟಿ ಅದನೋ ಇಲ್ಲೋ ನೋಡ್ತಿದ್ದ. ನಾನು ಗ್ರೀಸ್ ಗನ್ ಹಿಡಿದು ಬಗ್ಗಾಕ ಹೋದೆ. "ತಡೀ ದೊಡ್ಡಪ್ಪಾ" ಅಂದ. ಲಿವರ್ ಕೆಳಗೆ ಮಾಡಿ ಟ್ರಾಲಿ ಭಾರ ತುಂಡಿನ ಮ್ಯಾಲೆ ಕೂಡಿಸಿ ಬಂದ. "ಈಗ ಹೋಗು" ಅಂದ.

ನಿಮ್ಮ ಮನಿಯಾಗ ಟ್ರಾಲಿ, ಪಲ್ಟಿ ನೇಗಿಲು, ಲೋಡರ್ ಏನೇ ಇರ್ಲಿ, ಇವತ್ತು ಸಾಯಂಕಾಲ ಇಂಜಿನ್ ಬಂದ್ ಮಾಡಿ, ಕೆಳಗಿಳಿಸಿ, ಪೈಪು ಒರೆಸಿ ನೋಡ್ರಿ. ತಂತಿ ಕಂಡ್ರ, ಉಬ್ಬಿದ್ರ, ನಟ್ಟಿನ ಬುಡದಾಗ ಒಸರಿದ್ರ, ಬಿಸಿಲಿಗೆ ಒಣಗಿ ಬಿರುಕು ಬಿಟ್ಟಿದ್ರ ಅದನ್ನ ಬಿಚ್ಚಿ, ಹಳೇದನ್ನೇ ಚೀಲದಾಗ ಹಾಕಿಕೊಂಡು ಅಂಗಡಿಗೆ ಹೋಗ್ರಿ. ಟ್ಯೂಬ್ ಸುತ್ತಬ್ಯಾಡ್ರಿ.